ಎಡಕ್ಕ ಎಳೆಯುವ ಗಾಡಿ

"ಗಾಡಿ ಎಡಕ್ಕ ಎಳೀತೈತಿ" ಅಂದ ಕೂಡಲೇ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವ ಉತ್ತರ ಒಂದೇ: "ಅಲೈನ್‌ಮೆಂಟ್ ಹೋಗೇತಿ, ಮಾಡಿಸು." ಮಾಡಿಸಿದ ಮೇಲೂ ಎಳೆದರೆ? "ಛಲೋ ಕಡೆ ಮಾಡಿಸಿಲ್ಲ, ಇನ್ನೊಂದು ಕಡೆ ಮಾಡಿಸು." ತೇರದಾಳದ ಒಂದು ಹಳೇ ಪಿಕಪ್ ಗಾಡಿಗೆ ಹೀಗೆ ಒಂದೇ ವರ್ಷದಲ್ಲಿ ಎರಡು ಸಲ ಅಲೈನ್‌ಮೆಂಟ್ ಆಗಿತ್ತು. ಎರಡು ಜೋಡಿ ಮುಂದಿನ ಟೈರು ಹೋಗಿದ್ದವು. ಎಳೆತ ಮಾತ್ರ ಹಾಗೇ ಇತ್ತು.

ಗಾಡಿ ನಮ್ಮೊಳಗೊಬ್ಬನ ಕಾಕಾನದು. ನಾವು ಮೂವರು ಹಾಸ್ಟೆಲಿನಲ್ಲಿ ಒಂದೇ ರೂಮಿನವರು, ಮೂವರೂ ಮೆಕ್ಯಾನಿಕಲ್, ಹಾಗಾಗಿ ಅವರು ಮೂವರಿಗೂ ಕಾಕಾನೇ. ಐದನೇ ಸೆಮಿಸ್ಟರಿನ ಪರೀಕ್ಷೆ ಮುಗಿಸಿ ಸಂಕ್ರಾಂತಿ ಆದ ವಾರ ತೇರದಾಳಕ್ಕೆ ಹೋದಾಗ ಮನೆಯಲ್ಲಿ ಒಂದು ಲೆಕ್ಕಾಚಾರ ನಡೆದಿತ್ತು. ಹದಿನಾರು ವರ್ಷದ ಗಾಡಿಯನ್ನು ಸಿಕ್ಕಷ್ಟಕ್ಕೆ ಕೊಟ್ಟು, ಸಾಲ ಮಾಡಿ ಹೊಸದು ತರುವುದು. ಅರಿಷಿಣದ ಹಂಗಾಮು ಎದುರಿಗೇ ಇತ್ತು. ಬೆಲ್ಲ ಅಂದರೆ ಮಹಾಲಿಂಗಪುರ, ಹತ್ತಿರ. ಅರಿಷಿಣ ಅಂದರೆ ಸಾಂಗ್ಲಿ, ಅದೂ ರಾತ್ರಿ ಹೊರಟು ಬೆಳಗಿನ ಸವಾಲಿಗೆ ಮುಟ್ಟಬೇಕು. "ಸ್ಟೇರಿಂಗ್ ಹಿಡಕೊಂಡು ಹಿಡಕೊಂಡು ಬಲಗಡಿ ಭುಜಾನ ಹೋಗೇತ್ರೀಪಾ. ರಾತ್ರಿ ನಿದ್ದಿಗಣ್ಣಾಗ ಕೈ ಸಡಿಲ ಬಿಟ್ಟೆ ಅಂದ್ರ ಸೀದಾ ಕಬ್ಬಿನ ಹೊಲಕ್ಕ" ಅಂದರು ಕಾಕಾ. ನಗುತ್ತಲೇ ಅಂದರು, ಆದರೆ ಕಾಕು ನಗಲಿಲ್ಲ. ಕಾಕು ಸಾಲ ಮಾಡೋಣ ಅನ್ನುವ ಪಕ್ಷದವರು.

ನಾವು ಗಾಡಿ ರಿಪೇರಿ ಮಾಡಲು ಹೋದವರಲ್ಲ. ಆದರೆ ಆಟೋಮೊಬೈಲ್ ಪೇಪರಿಗೆ ಓದಿದ್ದು ತಲೆಯಲ್ಲಿ ಇನ್ನೂ ಬಿಸಿ ಇತ್ತು, ಕೈ ಸುಮ್ಮನೆ ಇರಲಿಲ್ಲ.

ಮೆಕ್ಯಾನಿಕಲ್ ಅಲ್ಲದವರಿಗಾಗಿ ಮೂರು ಪದ ಹೇಳಿಬಿಡುತ್ತೇವೆ, ಮುಂದಿನದು ಅರ್ಥವಾಗಲು ಅಷ್ಟು ಸಾಕು. ಗಾಡಿಯ ಎದುರಿಗೆ ನಿಂತು ನೋಡಿದಾಗ ಗಾಲಿ ನೆಟ್ಟಗಿದೆಯೋ, ತಲೆ ಹೊರಕ್ಕೋ ಒಳಕ್ಕೋ ವಾಲಿದೆಯೋ ಅನ್ನುವುದು ಕ್ಯಾಂಬರ್. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದಲ್ಲ, ಅದೇ ಥರದ ವಾಲು ಗಾಡಿಯ ಕಿಂಗ್ ಪಿನ್ನಿಗೂ ಇರುತ್ತದೆ, ಅದು ಕ್ಯಾಸ್ಟರ್. ಕೈ ಬಿಟ್ಟರೂ ಸೈಕಲ್ ನೇರ ಹೋಗುವುದರಲ್ಲಿ ಅದರ ಪಾಲು ದೊಡ್ಡದು. ಇನ್ನು ನಾವು ನಿಂತಾಗ ಪಾದ ಒಳಮುಖ ಇದ್ದ ಹಾಗೆ ಎರಡೂ ಗಾಲಿಯ ಮೂಗು ಒಂದಕ್ಕೊಂದು ಹತ್ತಿರ ಬಂದಿದ್ದರೆ ಟೋ-ಇನ್, ದೂರ ಸರಿದಿದ್ದರೆ ಟೋ-ಔಟ್.

ಕಾರುಗಳಲ್ಲಿ ಈ ಮೂರರಲ್ಲಿ ಎರಡನ್ನೋ ಮೂರನ್ನೋ ಬೋಲ್ಟ್ ತಿರುಗಿಸಿ ಹೊಂದಿಸಬಹುದು. ಕಾಕಾನ ಗಾಡಿಯಂಥದ್ದರಲ್ಲಿ ಹಾಗಿಲ್ಲ. ಮುಂದೆ ಒಂದೇ ಅಖಂಡ ಕಬ್ಬಿಣದ ಆಕ್ಸಲ್, ಅದರ ಮೇಲೆ ಎತ್ತಿನ ಬಂಡಿಯಷ್ಟು ಸರಳವಾಗಿ ಎರಡು ಕಡೆ ಲೀಫ್ ಸ್ಪ್ರಿಂಗು. ಕ್ಯಾಂಬರ್ ಆಕ್ಸಲ್ಲಿನ ಆಕಾರದಲ್ಲೇ ಕೂತಿದೆ. ಕ್ಯಾಸ್ಟರ್ ಬದಲಿಸಬೇಕೆಂದರೆ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಬೆಣೆಯಾಕಾರದ ತಗಡು ಕೊಡಬೇಕು. ಪಾನಾ ಹಿಡಿದು ಹೊಂದಿಸಲು ಸಿಗುವುದು ಟೋ ಒಂದೇ, ಟೈ ರಾಡ್ ತಿರುಗಿಸಿ. ಅಂದರೆ ಇಂಥ ಗಾಡಿಗೆ "ಅಲೈನ್‌ಮೆಂಟ್ ಮಾಡಿದೆವು" ಅಂದರೆ ನಿಜಕ್ಕೂ "ಟೋ ಇಟ್ಟೆವು" ಅಂತ ಅರ್ಥ. ಆದರೆ ಟೋ ಕೆಟ್ಟರೆ ಟೈರು ತಿನ್ನುತ್ತದೆಯೇ ಹೊರತು ಗಾಡಿ ಒಂದೇ ಕಡೆ ಎಳೆಯಬೇಕಾಗಿಲ್ಲ, ಯಾಕೆಂದರೆ ಗಾಡಿ ಓಡುವಾಗ ಆ ತಪ್ಪನ್ನು ಎರಡೂ ಗಾಲಿ ಸಮನಾಗಿ ಹಂಚಿಕೊಳ್ಳುತ್ತವೆ. ನಮಗೆ ಮೊದಲ ಅನುಮಾನ ಬಂದಿದ್ದೇ ಇಲ್ಲಿ. ಕಾಕಾನ ದೂರು ಎಳೆತದ್ದು. ಎರಡು ಸಲ ಸಿಕ್ಕ ಔಷಧಿ ಟೋಗೆ.

ಹಾಗಾಗಿ ಜಾಕ್ ತರುವ ಮೊದಲು ಕಾಕಾನನ್ನೇ ಕೂರಿಸಿ ಕೇಳಿದೆವು. ಖಾಲಿ ಇದ್ದಾಗ ಎಳೀತೈತೋ ಲೋಡ್ ಇದ್ದಾಗೋ? "ಎರಡರಾಗೂ. ಲೋಡ್ ಇದ್ದಾಗ ಮ್ಯಾಲೆ ಶೇಕೂ ಹೊಡೀತೈತಿ." ಎಷ್ಟು ಸ್ಪೀಡಿಗೆ? "ಐವತ್ತರ ಆಜೂಬಾಜೂ. ತಗ್ಗಿನಾಗ ಇಳಿದು ಎದ್ದಕೂಡ್ಲೆ ಕೈಯಾಗ ಗದಗದ ಅಂತೈತಿ." ಬ್ರೇಕ್ ಹಾಕಿದರೆ? "ಆವಾಗ ಮತ್ತಷ್ಟು ಎಡಕ್ಕ." ಯಾವಾಗಿನಿಂದ? ಇದಕ್ಕೆ ಕಾಕಾ ಸ್ವಲ್ಪ ಯೋಚಿಸಿದರು. ಹಿಂದಿನ ವರ್ಷದ ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಎಡಗಡೆ ಮುಂದಿನ ಸ್ಪ್ರಿಂಗಿನ ಒಂದು ಪ್ಲೇಟ್ ಮುರಿದಿತ್ತು, ದಾರಿಯಲ್ಲೇ ಒಂದು ಕಡೆ ಹಾಕಿಸಿದ್ದರು. "ಅದಾದ ಮ್ಯಾಲೇನ ಅನಸ್ತೈತಿ. ಆದರ ಪ್ಲೇಟಿಗೂ ಇದಕ್ಕೂ ಏನ್ ಸಂಬಂಧ?" ಅದನ್ನು ಬರೆದಿಟ್ಟುಕೊಂಡೆವು.

ಎಳೆತ ಅನ್ನುವುದರಲ್ಲಿ ಒಂದು ಪಾಲು ರಸ್ತೆಯದು. ಮಳೆನೀರು ಹರಿದುಹೋಗಲಿ ಅಂತ ರಸ್ತೆಯ ನಡು ಎತ್ತರ, ಅಂಚು ಇಳಿಜಾರು ಮಾಡಿರುತ್ತಾರೆ. ನಾವು ಎಡಕ್ಕೆ ಓಡಿಸುವವರು, ಆದ್ದರಿಂದ ಸರಿಯಾಗಿರುವ ಗಾಡಿಯೂ ಕೈ ಬಿಟ್ಟರೆ ನಿಧಾನಕ್ಕೆ ಎಡಕ್ಕೇ ಜಾರುತ್ತದೆ. ಅದನ್ನು ಕಳೆಯಬೇಕಲ್ಲ. ಊರ ಹೊರಗೆ ಅರಿಷಿಣ ಒಣಗಿಸುವ ಒಂದು ಉದ್ದನೆಯ ಸಿಮೆಂಟ್ ಕಣ ಇತ್ತು, ಇನ್ನೂ ಖಾಲಿ. ಅಲ್ಲಿ ಸಾವಕಾಶ ಎರಡೂ ದಿಕ್ಕಿಗೆ ಓಡಿಸಿದರೆ ಎರಡೂ ದಿಕ್ಕಿನಲ್ಲಿ ಗಾಡಿ ತನ್ನ ಎಡಕ್ಕೇ ಹೋಯಿತು. ಸ್ಟೇರಿಂಗ್ ನೇರ ಹಿಡಿದರೆ ಗಾಡಿ ನೇರ ಇಲ್ಲ, ಗಾಡಿ ನೇರ ಹೋಗಬೇಕಾದರೆ ಸ್ಟೇರಿಂಗಿನ ಕಡ್ಡಿ ಸೊಟ್ಟ. ದೋಷ ಗಾಡಿಯದ್ದೇ.

ಆಮೇಲೆ ಟೈರು. ಟೈರಿನಷ್ಟು ಪ್ರಾಮಾಣಿಕ ಸಾಕ್ಷಿ ಗಾಡಿಯಲ್ಲಿ ಇನ್ನೊಂದಿಲ್ಲ, ಆದರೆ ಬಗ್ಗಿ ನೋಡಬೇಕು. ಕಾಕಾನ ಟೈರು ಹೊರಗಿನಿಂದ ಛಲೋನೇ ಕಂಡವು. ಗಾಡಿಯ ಕೆಳಗೆ ಮಲಗಿ ಒಳ ಅಂಚು ನೋಡಿದರೆ ಎರಡೂ ಬೋಳು. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಒಂದೇ ಗಾಲಿಯ ಒಂದೇ ಅಂಚು ಹೋಗಿದ್ದರೆ ಕ್ಯಾಂಬರ್ ಅಥವಾ ಬಾಗಿದ ಆಕ್ಸಲ್ ಅಂತ ಅನುಮಾನ ಪಡಬೇಕು. ಎರಡೂ ಗಾಲಿಯ ಒಳ ಅಂಚು ಒಟ್ಟಿಗೆ ಹೋದರೆ ಟೋ-ಔಟ್. ಖಾತ್ರಿಗೆ ಅಂಗೈ ಸಾಕು. ಟೈರಿನ ಮೇಲೆ ಅಡ್ಡಡ್ಡ ಕೈಯಾಡಿಸಿದಾಗ ಹೊರಗಿನಿಂದ ಒಳಕ್ಕೆ ಬರುವಾಗ ರಬ್ಬರಿನ ಅಂಚು ಗರಗಸದಂತೆ ಚುಚ್ಚಿತು, ಒಳಗಿನಿಂದ ಹೊರಕ್ಕೆ ಹೋಗುವಾಗ ನುಣ್ಣಗಿತ್ತು. ಅದೂ ಟೋ-ಔಟಿನದೇ ಗುರುತು. (ತಂತಿ ಹೊರಬಂದ ಟೈರಿಗೆ ಈ ಪ್ರಯೋಗ ಬ್ಯಾಡ, ಕೈ ಹರೀತೈತಿ.)

ಆದರೆ ಅಲೈನ್‌ಮೆಂಟ್ ಮಾಡಿದ ಅಂಗಡಿಯ ಚೀಟಿಯಲ್ಲಿ ಟೋ ಹಸಿರು ಬಣ್ಣದಲ್ಲಿತ್ತು. ನಾಲ್ಕು ತಿಂಗಳ ಹಿಂದಿನ ಚೀಟಿ. ಮಶೀನು ಸುಳ್ಳು ಹೇಳಿತೇ? ಈ ಪ್ರಶ್ನೆಯೇ ನಮ್ಮನ್ನು ಮೂರು ದಿನ ಕಾಕಾನ ಗಾಡಿಯ ಕೆಳಗೆ ಮಲಗಿಸಿತು.

ಸುಲಭದ್ದನ್ನು ಮೊದಲು ಕಳೆದೆವು. ಗಾಳಿ ಎರಡೂ ಕಡೆ ಸಮ ಮಾಡಿಸಿದೆವು, ಎಳೆತ ಹೋಗಲಿಲ್ಲ. ಮುಂದಿನ ಎರಡು ಟೈರು ಅದಲುಬದಲು ಮಾಡಿದೆವು. ದೋಷ ಟೈರಿನ ಒಳಗಿದ್ದರೆ ಎಳೆತ ಬಲಕ್ಕೆ ತಿರುಗಬೇಕು. ತಿರುಗಲಿಲ್ಲ. ಬನಹಟ್ಟಿವರೆಗೆ ಓಡಿಸಿ ಬಂದು ಎರಡೂ ಗಾಲಿಯ ಹಬ್ ಹತ್ತಿರ ಕೈ ಹಿಡಿದು ನೋಡಿದೆವು. ಎಡಗಡೆಯ ಬ್ರೇಕ್ ಹಿಡಿದುಕೊಂಡಿದ್ದರೆ ಆ ಡ್ರಮ್ಮು ಕಾದ ಹಂಚಾಗಿರಬೇಕು. ಎರಡೂ ಒಂದೇ ಬೆಚ್ಚಗೆ. ಜಾಕ್ ಹಾಕಿ ಗಾಲಿ ತಿರುಗಿಸಿದರೂ ಸರಾಗ.

ಎತ್ತಿದ ಗಾಲಿಯನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದಾಗ ಎರಡೂ ಕಡೆ ಸಣ್ಣ ಆಟ ಇತ್ತು. ಇದು ಬೇರಿಂಗೋ ಕಿಂಗ್ ಪಿನ್ನೋ ಅಂತ ತಿಳಿಯಲು ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್ನಿನ ಬುಶ್. ನಮ್ಮದು ನಿಲ್ಲಲಿಲ್ಲ. ಬುಶ್ ಸವೆದಿದೆ, ಆದರೆ ಈ ಹಂಗಾಮಿಗೆ ನಡೆಯುವಷ್ಟಿದೆ ಅಂತ ಆಮೇಲೆ ಮಿಸ್ತ್ರಿ ಹೇಳಿದರು.

ನಂತರ ಗಾಡಿಯನ್ನು ನೆಲಕ್ಕಿಳಿಸಿ, ಎಂಜಿನ್ ಬಂದ್ ಇಟ್ಟು, ಒಬ್ಬರು ಸ್ಟೇರಿಂಗನ್ನು ಎಡ-ಬಲ ಸಣ್ಣಗೆ ಆಡಿಸುತ್ತ ಕೂತರು. ಇಬ್ಬರು ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟೆವು. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ. ಟೈ ರಾಡಿನ ಎರಡೂ ತುದಿಯ ಎಂಡ್ "ಟಕ್ ಟಕ್" ಅಂದವು. ಒಂದರ ರಬ್ಬರ್ ಟೋಪಿ ಹರಿದು, ಗ್ರೀಸಿನ ಜಾಗದಲ್ಲಿ ಎರಿ ಮಣ್ಣು ತುಂಬಿತ್ತು. ಕಬ್ಬಿನ ಹಂಗಾಮಿನಲ್ಲಿ ಹೊಲದ ದಾರಿಗೆ ಇಳಿದ ಗಾಡಿಯ ಪಾಡು ಇದೇ.

ಆಟ ಎಷ್ಟು? ಎರಡೂ ಸೇರಿ ಎರಡೂವರೆ ಮಿಲಿಮೀಟರ್ ಇರಬಹುದು. ಕೇಳಲು ಏನೂ ಅಲ್ಲ. ಆದರೆ ಅದು ಇರುವುದು ಗಾಲಿ ತಿರುಗಿಸುವ ಗಿಡ್ಡ ತೋಳಿನ ತುದಿಯಲ್ಲಿ, ಟೈರಿನ ಅಂಚಿಗೆ ಬರುವ ಹೊತ್ತಿಗೆ ಅದು ಹಲವು ಪಟ್ಟು ಬೆಳೆದಿರುತ್ತದೆ. ಅಳೆದು ನೋಡಿದೆವು. ಗಾಲಿ ಎತ್ತಿ ತಿರುಗಿಸುತ್ತ ಟೈರಿನ ನಡುವೆ ಮೊಳೆಯಿಂದ ಸುತ್ತ ಒಂದು ಸಣ್ಣ ಗೆರೆ ಕೊರೆದು, ಇಳಿಸಿ, ಎರಡೂ ಗೆರೆಗಳ ನಡುವಿನ ಅಂತರವನ್ನು ಮುಂದೊಮ್ಮೆ ಹಿಂದೊಮ್ಮೆ ಟೇಪಿನಲ್ಲಿ ಅಳೆಯುವುದು. ಎರಡರ ವ್ಯತ್ಯಾಸವೇ ಟೋ. ಗಾಡಿ ಸುಮ್ಮನೆ ನಿಂತಾಗ ಟೋ-ಇನ್ 3 ಮಿಲಿಮೀಟರ್, ಪುಸ್ತಕದಲ್ಲಿ ಇರಬೇಕಾದಷ್ಟೇ. ಆಮೇಲೆ ಇಬ್ಬರು ಟೈರುಗಳ ಮುಂಭಾಗವನ್ನು ಹೊರಕ್ಕೆ ಒತ್ತಿ ಹಿಡಿದು ಅಳೆದೆವು: ಟೋ-ಔಟ್ 9 ಮಿಲಿಮೀಟರ್.

ಮಶೀನು ಸುಳ್ಳು ಹೇಳಿರಲಿಲ್ಲ. ಅದು ನಿಂತ ಗಾಡಿಯನ್ನು ಅಳೆದಿತ್ತು. ಹಿಂದಿನ ಗಾಲಿ ನೂಕುವ ಗಾಡಿಯಲ್ಲಿ, ಓಡುವಾಗ ನೆಲದ ಎಳೆತ ಮುಂದಿನ ಗಾಲಿಗಳನ್ನು ಹಿಂದಕ್ಕೆ ಜಗ್ಗಿ ಹೊರಮುಖ ಮಾಡುತ್ತದೆ. ಆ ಸಲುವಾಗಿಯೇ ನಿಂತಾಗ ಸ್ವಲ್ಪ ಒಳಮುಖ ಇಡುವುದು. ಕೀಲು ಬಿಗಿ ಇದ್ದರೆ ಓಡುವಾಗ ಗಾಲಿ ನೇರವಾಗುತ್ತದೆ, ಸಡಿಲ ಇದ್ದರೆ ನೇರವನ್ನೂ ದಾಟಿ ಹೊರಕ್ಕೆ ಹೋಗುತ್ತದೆ. ಟೈರಿನ ಎತ್ತರ ಸುಮಾರು 700 ಮಿಲಿಮೀಟರ್ ಅಂತ ಹಿಡಿದರೆ 9 ಮಿಲಿಮೀಟರ್ ಟೋ-ಔಟಿನ ಲೆಕ್ಕಕ್ಕೆ ಒಂದೊಂದು ಗಾಲಿಯೂ ಪ್ರತಿ ಕಿಲೋಮೀಟರಿಗೆ ಆರು ಮೀಟರಿಗಿಂತ ಹೆಚ್ಚು ಅಡ್ಡಕ್ಕೆ ಉಜ್ಜಿಕೊಂಡೇ ಹೋಗಬೇಕು. ನೂರು ಕಿಲೋಮೀಟರಿಗೆ ಆರುನೂರು ಮೀಟರ್ ರಬ್ಬರನ್ನು ಡಾಂಬರಿಗೆ ಅಡ್ಡ ತಿಕ್ಕಿದ ಹಾಗೆ. ಕಾಕಾನಿಗೆ ಈ ಲೆಕ್ಕ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಂದ್ರ ನಾನು ಟೈರ್ ಸಾಂಗ್ಲೀಗೆ ಎಳಕೊಂಡು ಹೋಗ್ತಿದ್ದೆ ಅನ್ರಿ."

ಟೈರು ತಿನ್ನುವುದಕ್ಕೆ ಕಾರಣ ಸಿಕ್ಕಿತು, ಐವತ್ತರ ಶೇಕಿಗೂ ಅರ್ಧ ಕಾರಣ ಸಿಕ್ಕಿತು. ಇನ್ನರ್ಧ ಲೋಡಿನದು. ಹಿಂದೆ ಜಾಸ್ತಿ ಹೇರಿದಾಗ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಅದರ ಸಂಗಡ ಕಿಂಗ್ ಪಿನ್ನೂ ಹಿಂದಕ್ಕೆ ವಾಲಿ ಕ್ಯಾಸ್ಟರ್ ಏರುತ್ತದೆ. ಕ್ಯಾಸ್ಟರ್ ಹದದಲ್ಲಿದ್ದರೆ ಗಾಡಿ ನೇರ ಓಡುತ್ತದೆ, ಅತಿಯಾದರೆ ಸ್ಟೇರಿಂಗ್ ಭಾರವಾಗಿ ಗಾಲಿ ಗದಗದಿಸಲು ಕಾದಿರುತ್ತದೆ. ಸಡಿಲ ಕೀಲು, ಏರಿದ ಕ್ಯಾಸ್ಟರ್, ಒಂದು ತಗ್ಗು, ಮೂರೂ ಕೂಡಿದರೆ ಕಾಕಾ ಹೇಳಿದ್ದೇ ಆಗುತ್ತದೆ. ಅಲೈನ್‌ಮೆಂಟ್ ಅಂಗಡಿಗೆ ಎಲ್ಲರೂ ಖಾಲಿ ಗಾಡಿ ಒಯ್ಯುತ್ತಾರೆ. ದುಡಿಯುವ ಗಾಡಿ ಖಾಲಿ ಇರುವುದು ಎಷ್ಟು ಹೊತ್ತು?

ಆದರೆ ಎಡಕ್ಕೆ ಎಳೆಯುವುದು? ಅದಕ್ಕೆ ಟೈ ರಾಡ್ ಉತ್ತರ ಅಲ್ಲ. ಎರಡನೇ ದಿನ ಸಂಜೆ ಬರೆದಿಟ್ಟುಕೊಂಡ ಆ ಸ್ಪ್ರಿಂಗ್ ಪ್ಲೇಟಿನ ಮಾತಿಗೆ ವಾಪಸ್ ಬಂದೆವು. ಓಣಿಯಲ್ಲಿ ಮನೆ ಕಟ್ಟುತ್ತಿದ್ದ ಗೌಂಡಿಯ ಹತ್ತಿರ ಓಳಂಬ ಕಡ ತಂದೆವು. ದಾರ ಹಿಗ್ಗದ ಗಟ್ಟಿ ನೂಲು ಬೇಕಿತ್ತು, ರಬಕವಿ-ಬನಹಟ್ಟಿಯ ನೆರೆಯಲ್ಲಿ ನೂಲಿಗೇನು ಬರ? ಮಗ್ಗ ಇರುವ ಮನೆಯೊಂದರಿಂದ ಬಂತು. ಸಿಮೆಂಟ್ ಕಣದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಗಾಲಿಯ ನಟ್ಟನಡುವಿನಿಂದ ಓಳಂಬ ಇಳಿಬಿಟ್ಟು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದೆವು. ಗಾಡಿ ಮುಂದೆ ತೆಗೆದು, ಆ ಕಡೆಯ ಎರಡು ಗುರುತು, ಈ ಕಡೆಯ ಎರಡು ಗುರುತು ಅಳೆದೆವು. ಎಡಗಡೆ 14 ಮಿಲಿಮೀಟರ್ ಕಡಿಮೆ. ಮೂವರೂ ಒಬ್ಬೊಬ್ಬರಾಗಿ ಅಳೆದೆವು, 14, 13, 14.

ಮುಂದಿನದು ಸರಿದಿದೆಯೋ ಹಿಂದಿನದೋ? ಸ್ಪ್ರಿಂಗಿನ ಮುಂದಿನ ಪಿನ್ನಿನಿಂದ ಆಕ್ಸಲ್‌ವರೆಗೆ ಎರಡೂ ಕಡೆ ಅಳೆದಾಗ ಎಡದ್ದು ಹೆಚ್ಚು ದೂರ. ಮುಂದಿನ ಆಕ್ಸಲ್ಲಿನ ಎಡ ತುದಿ ಹಿಂದಕ್ಕೆ ಸರಿದಿದೆ. ಟಾರ್ಚ್ ಹಿಡಿದು ನೋಡಿದರೆ ಯು ಬೋಲ್ಟಿನ ಪಕ್ಕ ಆಕ್ಸಲ್ ಕೂರುವ ಜಾಗದಲ್ಲಿ ಒಂದು ಬೆರಳಗಲ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು, ಸುತ್ತ ಕುಂಕುಮದಂಥ ಕೆಂಪು ತುಕ್ಕಿನ ಪುಡಿ. ಎರಡು ಲೋಹ ಒಂದರ ಮೇಲೊಂದು ಉಜ್ಜಾಡಿದ ಗುರುತು ಅದು.

ಲೀಫ್ ಸ್ಪ್ರಿಂಗಿನ ಪ್ಲೇಟುಗಳನ್ನೆಲ್ಲ ನಡುವೆ ಒಂದು ಸೆಂಟರ್ ಬೋಲ್ಟ್ ಪೋಣಿಸಿರುತ್ತದೆ, ಅದರ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಕೂತು ಆಕ್ಸಲ್ಲನ್ನು ಜಾಗದಲ್ಲಿ ಹಿಡಿಯುತ್ತದೆ. ಆದರೆ ಹೊರೆ ತಾಳುವುದು ಆ ಬಡಪಾಯಿ ಬೋಲ್ಟ್ ಅಲ್ಲ, ಎರಡು ಯು ಬೋಲ್ಟುಗಳ ಬಿಗಿ. ಹೊಸ ಪ್ಲೇಟ್ ಹಾಕಿದ ಮೇಲೆ ನಾಲ್ಕಾರು ದಿನ ಓಡಿದಾಗ ಪ್ಲೇಟುಗಳು ಒಂದರೊಳಗೊಂದು ಕೂತು ಯು ಬೋಲ್ಟ್ ಸಡಿಲವಾಗುತ್ತದೆ. ಮತ್ತೊಮ್ಮೆ ಬಿಗಿ ಮಾಡಬೇಕು. ದಾರಿಯಲ್ಲಿ ಹಾಕಿಕೊಟ್ಟವರು ಅದನ್ನು ಹೇಳಿರಲಿಲ್ಲ. ಬಿಗಿ ಹೋದ ಮೇಲೆ ಪ್ರತಿ ಬ್ರೇಕಿಗೂ ಪ್ರತಿ ತಗ್ಗಿಗೂ ಇಡೀ ಭಾರ ಸೆಂಟರ್ ಬೋಲ್ಟಿನ ಕುತ್ತಿಗೆಗೆ ಬಿತ್ತು, ಒಂದು ದಿನ ಅದು ಕತ್ತರಿಸಿತು. ಆಕ್ಸಲ್ಲಿನ ಎಡ ತುದಿ ಹಿಂದಕ್ಕೆ ಹೋದರೆ ಆಕ್ಸಲ್ ಎಡಕ್ಕೆ ಮುಖ ಮಾಡುತ್ತದೆ, ಗಾಡಿ ಎಡಕ್ಕೆ ಹೋಗುತ್ತದೆ. ಬ್ರೇಕ್ ಹಾಕಿದಾಗ ನೆಲ ಗಾಲಿಯನ್ನು ಹಿಂದಕ್ಕೆ ತಳ್ಳುತ್ತದಲ್ಲ, ಆಗ ಮತ್ತಷ್ಟು. ಕಾಕಾ ಹೇಳಿದ ಒಂದೊಂದು ಮಾತೂ ಸರಿ ಇತ್ತು. ಎರಡು ಅಂಗಡಿಯಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ ಅಷ್ಟೇ.

ಇಲ್ಲೊಂದು ಅಡ್ಡಮಾತು. ಗಾಡಿ ತಿರುಗುವಾಗ ಒಳಗಿನ ಗಾಲಿ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು ಅನ್ನುವ ಏರ್ಪಾಟಿಗೆ ನಾವು ಪರೀಕ್ಷೆಯಲ್ಲಿ ಅಕರ್‌ಮನ್ ಹೆಸರು ಬರೆಯುತ್ತೇವೆ. ಅದನ್ನು ಕಂಡುಹಿಡಿದವರು ಮ್ಯೂನಿಕ್‌ನ ಬಂಡಿ ಕಟ್ಟುವ ಕಸುಬಿನ ಲಾಂಕೆನ್‌ಸ್ಪರ್ಗರ್, 1817ರಲ್ಲಿ. ಮರುವರ್ಷ ಇಂಗ್ಲೆಂಡಿನಲ್ಲಿ ಅವರ ಪರವಾಗಿ ಪೇಟೆಂಟ್ ಪಡೆದವರು ಅಕರ್‌ಮನ್. ಕೈಯಾರೆ ಕಟ್ಟಿದವನ ಹೆಸರು ಪುಸ್ತಕದಲ್ಲಿ ಉಳಿಯಲಿಲ್ಲ. ಗಾಡಿಯ ಕೆಳಗೆ ಮಲಗಿದ್ದಾಗ ಇದು ನೆನಪಾಯಿತು, ಯಾಕೆಂದರೆ ಮೂರನೇ ದಿನ ಕೆಲಸ ಕೈಗೆತ್ತಿಕೊಂಡ ಮಿಸ್ತ್ರಿ ನಮ್ಮ ಅಳತೆ ಕೇಳಿ ಆಶ್ಚರ್ಯವೇನೂ ಪಡಲಿಲ್ಲ. ಗಾಡಿಯ ಹಿಂದೆ ಹತ್ತು ಮಾರು ದೂರ ಕುಕ್ಕರಗಾಲಿನಲ್ಲಿ ಕೂತು, ಮುಂದೆ ಓಡಿಸಲು ಹೇಳಿ, ಒಂದು ಕಣ್ಣು ಮುಚ್ಚಿ ನೋಡಿ, "ನಾಯಿ ನಡದಂಗ ನಡೀತೈತಿ, ಆಕ್ಸಲ್ ಸರದೈತಿ" ಅಂದರು. ನಾಯಿ ಓಡುವಾಗ ಹಿಂಗಾಲು ಒಂದು ಪಕ್ಕಕ್ಕೆ ಬರುತ್ತದಲ್ಲ, ಹಾಗೆ. ನಮಗೆ ಎರಡು ದಿನ, ಅವರಿಗೆ ಅರ್ಧ ನಿಮಿಷ. "ಮತ್ತ ಮೊದಲ ನನ್ನ ಕಡೆ ಯಾಕ ತರಲಿಲ್ಲ?" ಅಂದಿದ್ದಕ್ಕೆ ಕಾಕಾ, "ಕಂಪ್ಯೂಟರಿನಾಗ ನೋಡ್ತಾರಂತ ಹೋದ್ನಿ" ಅಂದರು.

ಅಲೈನ್‌ಮೆಂಟ್ ಅಂಗಡಿಯ ಹುಡುಗನನ್ನು ಬೈಯಲು ನಮಗೆ ಮನಸ್ಸಿಲ್ಲ. ಚೀಟಿಯ ಕೆಳಗಿನ ಸಾಲಿನಲ್ಲಿ ಸೆಟ್‌ಬ್ಯಾಕ್ ಅಂತ ಒಂದು ಅಂಕಿ ಇತ್ತು, ಅದಕ್ಕೆ ಬಣ್ಣ ಇರಲಿಲ್ಲ. ಬಣ್ಣ ಇಲ್ಲದ ಅಂಕಿಯನ್ನು ದಿನಕ್ಕೆ ಇಪ್ಪತ್ತು ಗಾಡಿ ನೋಡುವವನು ಯಾಕೆ ಓದಿಯಾನು? ಆದರೆ ಕೀಲು ಅಲ್ಲಾಡಿಸಿ ನೋಡದೆ ಟೋ ಇಡುವುದು ಮಾತ್ರ ನಮ್ಮ ಪ್ರಕಾರ ಕೆಲಸವೇ ಅಲ್ಲ. ಸಡಿಲ ಗೂಟಕ್ಕೆ ದಾರ ಕಟ್ಟಿ ಅಳೆದಂತೆ ಅದು.

ಸೆಂಟರ್ ಬೋಲ್ಟ್, ನಾಲ್ಕು ಹೊಸ ಯು ಬೋಲ್ಟ್ (ಹಳೆಯವು ಹಿಗ್ಗಿರುತ್ತವೆ, ಮತ್ತೆ ಹಾಕಬಾರದು), ಎರಡು ಟೈ ರಾಡ್ ಎಂಡ್, ಮಜೂರಿ, ಎಲ್ಲಾ ಸೇರಿ ಒಂದು ಹೊಸ ಟೈರಿನಷ್ಟೂ ಖರ್ಚಾಗಲಿಲ್ಲ. ಓಳಂಬ ಬಿಟ್ಟು ಅಳೆದೆವು, ಎರಡೂ ಕಡೆಯ ವ್ಯತ್ಯಾಸ 2 ಮಿಲಿಮೀಟರಿಗೆ ಇಳಿಯಿತು. ಟೋವನ್ನು ಮೊಳೆಯ ಗೆರೆಯಿಂದಲೇ 3ಕ್ಕೆ ಇಟ್ಟೆವು. ಈ ಸಲ ಒತ್ತಿ ಹಿಡಿದರೂ ಅಲುಗಲಿಲ್ಲ. ಸ್ಟೇರಿಂಗಿನ ಕಡ್ಡಿ ನೇರವಾಯಿತು. ಕಬ್ಬಿನ ಬೀಜ ಹೇರಿಕೊಂಡು ಐವತ್ತು, ಅರವತ್ತರವರೆಗೆ ಓಡಿಸಿದಾಗ ಶೇಕ್ ಬರಲಿಲ್ಲ.

ಬರದೇ ಇದ್ದದ್ದು ಹದವಾಗಿ ಹೇರಿದ್ದಕ್ಕೆ. ಅದನ್ನು ಕಾಕಾನಿಗೆ ಹೇಳಬೇಕಿತ್ತು, ಹೇಳಿದೆವು. ಕಿಂಗ್ ಪಿನ್ ಬುಶ್ ಸವೆದೇ ಇದೆ. ಮಿತಿ ಮೀರಿ ಹೇರಿದರೆ ಕ್ಯಾಸ್ಟರ್ ಮತ್ತೆ ಏರುತ್ತದೆ, ಯು ಬೋಲ್ಟ್ ಮತ್ತೆ ಸಡಿಲುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಹೆಚ್ಚು ಹೊರೆಗೆ 20,000 ರೂಪಾಯಿ ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಕಾಕಾ ಎಲ್ಲ ಕೇಳಿಸಿಕೊಂಡರು. "ನಾ ಹತ್ತು ಚೀಲ ಕಡಿಮಿ ಹೇರತೀನಿ ಅಂದ್ರ, ಚೀಲದ ಮಾಲಕ ಇನ್ನೊಂದು ಗಾಡಿ ಕರೀತಾನ. ಅದಕ್ಕೇನ್ ಹೇಳ್ತೀರಿ ಇಂಜಿನಿಯರ್ ಸಾಹೇಬ್ರ?" ನಮ್ಮ ಹತ್ತಿರ ಅದಕ್ಕೆ ಅಳತೆಪಟ್ಟಿ ಇರಲಿಲ್ಲ. ಉತ್ತರ ಕೊಟ್ಟವರು ಕಾಕು. ಸಾಲದ ಕಂತು ಇಲ್ಲ ಅಂದ ಮೇಲೆ ಆ ಹತ್ತು ಚೀಲದ ಬಾಡಿಗಿ ಹೋದರೂ ನಡೆಯುತ್ತದೆ ಅಂತ ಅವರೇ ಬಾಯಿಲೆಕ್ಕ ಮಾಡಿ ತೋರಿಸಿದರು. ಕಾಕಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಹಾಸ್ಟೆಲಿಗೆ ವಾಪಸ್ ಬರುವ ಮುಂಚೆ ಡ್ಯಾಶ್‌ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿ ಬಂದಿದ್ದೆವು: ಈಗಿನ ಕಿಲೋಮೀಟರ್ ಇಷ್ಟು, ಇನ್ನು 500 ಓಡಿದ ಮೇಲೆ ಯು ಬೋಲ್ಟ್ ಬಿಗಿ ಮಾಡಿಸಬೇಕು. ಮೂರು ವಾರದ ನಂತರ ಕಾಕಾನ ಫೋನ್ ಬಂತು. ಎರಡು ಸಲ ಸಾಂಗ್ಲಿಗೆ ಹೋಗಿ ಬಂದಿದ್ದರು. ಎಷ್ಟು ಚೀಲ ಹೇರಿದ್ದರು ಅಂತ ಅವರು ಹೇಳಲಿಲ್ಲ, ನಾವು ಕೇಳಿದೆವು, ಆಗಲೂ ಹೇಳಲಿಲ್ಲ. ಬೋಲ್ಟ್ ಮಾತ್ರ ಬಿಗಿ ಮಾಡಿಸಿದ್ದರು. ಎಡಗಡೆಯ ನಟ್ಟುಗಳು ಅರ್ಧ ಸುತ್ತು ತಗೊಂಡವಂತೆ, ಬಲಗಡೆಯವು ಕಾಲು ಸುತ್ತು.